ಬಸ್ಸಿನಲ್ಲಿ ಕಟ್ಟಿದ ಮುಷ್ಟಿ

ಕುಡುಗೋಲು ತಾಗಿದ ಬೆರಳುಗಳ ಆಪರೇಷನ್ ಕುರಿತು ನಾನು ಬರೆದ ಲೇಖನವನ್ನು ವೈದ್ಯಕೀಯ ಪತ್ರಿಕೆಯವರು ವಾಪಸ್ ಕಳಿಸಿದ್ದರು. ಬಹಳ ರೋಗಿಗಳು ಮರುತಪಾಸಣೆಗೇ ಬಂದಿಲ್ಲ, ಬೆರಳು ಮಡಚುತ್ತವೆ ಎನ್ನಲು ಆಧಾರವೇನು ಎಂದು ಅವರ ಪ್ರಶ್ನೆ.

ಆ ವಾರವೇ ಮಸ್ಕಿ ಬಸ್ಸಿನಲ್ಲಿ ಬಳಗಾನೂರಿನ ಹುಸೇನಮ್ಮ ಕಂಡರು. ನಾನು ಹೊಲಿದ ಕೈಯಿಂದಲೇ ಕಂಬಿ ಹಿಡಿದಿದ್ದರು.

“ಯಾಕಮ್ಮಾ, ತೋರಿಸೋಕೆ ಬರಲೇ ಇಲ್ಲ?” ಎಂದೆ ಮೆಲ್ಲಗೆ.

“ಬ್ಯಾನಿ ಇಲ್ದ ದವಾಖಾನಿಗೆ ಬಂದ್ರ ಮಂದಿ ನಗಂಗಿಲ್ಲೇನ್ರೀ ಮೇಡಂ? ನೆಲ್ಲು ಹಚ್ಚಾಕ ಹೊಂಟೀನಿ.”

ವಾಸಿಯಾದದ್ದಕ್ಕೇ ಅವರು ನನ್ನ ಲೇಖನದಿಂದ ಕಾಣೆಯಾಗಿದ್ದರು. ನಾಚಿಕೆ ನುಂಗಿ, ಮುಷ್ಟಿ ಕಟ್ಟಿ ತೋರಿಸಿ ಎಂದೆ. ನನ್ನ ಮೂಗಿನ ಮುಂದೆಯೇ ಬಿಗಿಯಾಗಿ ಕಟ್ಟಿದರು.

ಕಂಡಕ್ಟರ್ ಧಾವಿಸಿ ಬಂದ. “ಏ ಯಮ್ಮಾ, ಸೀಟಿಗ್ಯಾಕ ಬಡದಾಡ್ತೀರಿ? ಹಿಂದ ಜಾಗ ಐತಿ!”

ಪತ್ರಿಕೆಗೆ, ‘ಒಬ್ಬ ರೋಗಿಯನ್ನು ಖುದ್ದಾಗಿ ಪರೀಕ್ಷಿಸಲಾಯಿತು, ಬೆರಳು ಪೂರ್ತಿ ಮಡಚುತ್ತವೆ’ ಎಂದು ಉತ್ತರಿಸಿದೆ. ಕಂಡಕ್ಟರನ ಸಾಕ್ಷಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.