ಯಲ್ಲಮ್ಮತ್ತೆಯ ಬಳಿಯಿದ್ದ ಬೀಗದ ಕೈ

ಕಬ್ಬಿಣಕ್ಕೆ ಬಳಿಯುವ ಕೆಂಪು ಪ್ರೈಮರ್ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಈಗಲೂ ಗಂಟಲು ಒಣಗುತ್ತದೆ. ಮೊನ್ನೆ ಮತ್ತಿಗಿರಿಯ ನಮ್ಮ ಮನೆಯ ಕಿಟಕಿಗೆ ಗ್ರಿಲ್ ಹಾಕಿಸುವಾಗಲೂ ಹಾಗೇ ಆಯಿತು. ಬೀದಿಯಲ್ಲಿ ಕಳ್ಳತನವಾದ ಮೇಲೆ ಯಜಮಾನರ ಹಟಕ್ಕೆ ಒಪ್ಪಿದ್ದೆ. ಕೆಲಸದವನು ಡಬ್ಬಿಗೆ ಬ್ರಷ್ ಅದ್ದಿದ. ನಾನು ಚಿಕ್ಕಂದಿನಲ್ಲಿ ನಾವಿದ್ದ ಮೂಕಂಡಪಲ್ಲಿಯ ಶೀಟಿನ ಮನೆಯ ಮುಂದೆ ಮತ್ತೆ ಸ್ಕೂಲ್ ಬ್ಯಾಗ್ ಹೊತ್ತು ನಿಂತಂತಾಯಿತು.

ಆ ಮನೆ ಈಗಿಲ್ಲ, ಅಲ್ಲೊಂದು ಗೋಡೌನ್ ಎದ್ದಿದೆ. ಎರಡೇ ಕೋಣೆ, ಕಿಟಕಿಯ ಪಕ್ಕ ಅಜ್ಜಿಯ, ಅಂದರೆ ಅಪ್ಪನ ಅವ್ವನ, ಮಂಚ. ಲಕ್ವ ಹೊಡೆದು ಅಜ್ಜಿಯ ಬಲಭಾಗ ಬಿದ್ದುಹೋಗಿತ್ತು, ನಾಲಿಗೆಯೊಂದು ಬಿದ್ದಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಫ್ಯಾಕ್ಟರಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು. ಇನ್ನೊಂದು ಬೀಗದ ಕೈ ಪಕ್ಕದ ಮನೆಯ ಯಲ್ಲಮ್ಮತ್ತೆಯ ಸೊಂಟದ ಚೀಲದಲ್ಲಿ ಎಲೆಯಡಿಕೆಯ ಜೊತೆ ಇರುತ್ತಿತ್ತು. ಆಕೆ ನಮಗೆ ನೆಂಟಳಲ್ಲ, ಮನೆಮಾತು ತೆಲುಗು. ನಿಮ್ಮ ಬೀದಿಯಲ್ಲೂ ಅಂಥ ಅತ್ತೆಯೊಬ್ಬಳು ಇದ್ದಿರಬೇಕು. ಮಧ್ಯಾಹ್ನವಾದರೆ ಬಂದು ಬೀಗ ತೆಗೆದು, ಅಜ್ಜಿಯನ್ನು ಎತ್ತಿ ಕೂರಿಸಿ, ನೀರು, ರಾಗಿ ಅಂಬಲಿ ಕುಡಿಸಿ, ನಾಲ್ಕು ಬೈಗುಳ ತಿಂದು ಹೋಗುತ್ತಿದ್ದಳು. "ನನ್ ಬಾಯಿಗೆ ಕಡೇ ನೀರು ಬಿಡೋಳು ನೀನೇ ಕಣೇ," ಎಂದು ಅಜ್ಜಿ ಬೈಗುಳದ ನಡುವೆಯೇ ಹೇಳುತ್ತಿದ್ದಳು.

ಒಮ್ಮೆ ಹಿಂದಿನ ಬೀದಿಯಲ್ಲಿ ಹಾಡಹಗಲೇ ಒಂದು ಮನೆ ದೋಚಿದರು. ಬೀಗ ಒಡೆದಿರಲಿಲ್ಲ. ಗುರುತಿದ್ದವರದೇ ಕೆಲಸ ಎಂದು ಎಲ್ಲರೂ ಆಡಿಕೊಂಡರು, ಅಪ್ಪನಿಗೆ ನಿದ್ದೆ ಹಾರಿಹೋಯಿತು. ಅಮ್ಮನ ಓಲೆ ಬಿಟ್ಟರೆ ನಮ್ಮ ಮನೆಯಲ್ಲಿ ಕದಿಯಲು ಏನಿತ್ತೋ ಕಾಣೆ. ಭಾನುವಾರ ಅಪ್ಪ ಕಿಟಕಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಿ, ಪ್ರೈಮರ್ ಬಳಿಸಿ, ಬಾಗಿಲಿಗೆ ಮುಷ್ಟಿಗಾತ್ರದ ಹೊಸ ಬೀಗ ತಂದ.

"ಯಲ್ಲಮ್ಮಂಗೊಂದು ಕೀ ಕೊಡಾನ," ಎಂದಳು ಅಮ್ಮ.

"ಸ್ವಲ್ಪ ದಿನ ಯಾರ್ಗೂ ಬ್ಯಾಡ," ಎಂದ ಅಪ್ಪ.

"ಹಂಗಾರೆ ಹಳೇದ್ನ ಇಸ್ಕೊಂಡು, ಬೀಗ ಬದ್ಲಾಯಿಸಿದೀವಿ ಅಂತ ಹೇಳ್ಬುಡು."

"ಹೆಂಗೆ ಹೇಳ್ಲಿ? ಕಳ್ಳಿ ಅಂದಂಗಾಗಲ್ವಾ? ಅವ್ವನ ಕೈಗೆ ಸಿಗೋ ಹಂಗೆ ನೀರಿನ ಚೊಂಬಿಟ್ಬುಟ್ಟು ಹೋಗು, ಸಾಕು."

ಅಷ್ಟು ದಾಕ್ಷಿಣ್ಯದ ಮನುಷ್ಯ ನಮ್ಮಪ್ಪ.

ಮಾರನೆಯ ದಿನ ಶಾಲೆಯಲ್ಲಿ ಪರೀಕ್ಷೆಯಿದ್ದುದರಿಂದ ಮಧ್ಯಾಹ್ನಕ್ಕೇ ಬಿಟ್ಟರು. ನಾನು ಬಂದಾಗ ಯಲ್ಲಮ್ಮತ್ತೆ ಹೊಸ ಬೀಗಕ್ಕೆ ಹಳೆಯ ಬೀಗದ ಕೈ ತುರುಕುತ್ತ ಒದ್ದಾಡುತ್ತಿದ್ದಳು. ಒಳಗಿಂದ ಗೊರಗೊರ ಸದ್ದು. "ದೊಡ್ಡವ್ವಂಗೆ ಉಸ್ರು ಎಳೀತೈತೆ ಕಣವ್ವ, ನೀರು ನೀರು ಅಂತಾವ್ಳೆ. ನಿನ್ ತಾವ ಕೀ ಐತಾ?" ಇರಲಿಲ್ಲ. ಆಕೆಯ ಗಂಡ ಹಾರೆ ತಂದು ಮೀಟಿದ. ಬೀಗದ ವಿಷಯದಲ್ಲಿ ಅಪ್ಪ ಮೋಸ ಹೋಗಿರಲಿಲ್ಲ, ಅದು ಜಗ್ಗಲಿಲ್ಲ. ಯಲ್ಲಮ್ಮತ್ತೆ ಕಿಟಕಿಗೆ ಓಡಿದಳು. ಒಳಗೆ ಚೊಂಬು ಉರುಳಿ ನೆಲದಲ್ಲಿ ಬಿದ್ದಿತ್ತು. ಜಾಲರಿಯಲ್ಲಿ ಒಂದು ಬೆರಳೂ ತೂರದು. ಆಕೆ ಬಕೆಟ್ಟಿನಿಂದ ಬೊಗಸೆ ಬೊಗಸೆ ನೀರೆತ್ತಿ ಜಾಲರಿಗೆ ಎರಚತೊಡಗಿದಳು. "ಬಾಯಿ ತೆಗಿ ದೊಡ್ಡವ್ವಾ, ನಾನು, ಯಲ್ಲಮ್ಮ. ಬಾಯಿ ತೆಗಿ!" ಸರಿಯಾಗಿ ಒಣಗದ ಪ್ರೈಮರ್ ಆಕೆಯ ಕೈಗೆ, ಕೆನ್ನೆಗೆ ಕೆಂಪಗೆ ಮೆತ್ತಿಕೊಂಡಿತು. ಕೊನೆಗೆ ಚಿಲಕವನ್ನೇ ಕಿತ್ತು ಒಳಗೆ ಹೋದೆವು. ಅಜ್ಜಿಯ ಹಣೆ, ದಿಂಬು ಎಲ್ಲ ತೊಯ್ದಿದ್ದವು. ಬಾಯಿ ಮಾತ್ರ ಒಣಗಿತ್ತು. ಉಸಿರಿರಲಿಲ್ಲ.

ಅಪ್ಪ ಬಂದಾಗ ಯಲ್ಲಮ್ಮತ್ತೆ ಕೂಗಾಡಲಿಲ್ಲ. ಚೀಲದಿಂದ ಹಳೆಯ ಬೀಗದ ಕೈ ತೆಗೆದು ಅವನ ಮುಂದಿಟ್ಟಳು. "ಕೇಳಿದ್ರೆ ನಾನೇ ಕೊಟ್ಬುಡ್ತಿದ್ನಲ್ಲಪ್ಪಾ," ಎಂದಳು. ಆಮೇಲೆ ನಮ್ಮ ಹೊಸಿಲು ತುಳಿಯಲಿಲ್ಲ. ಆ ಮನೆಗೆ ಯಾವ ಕಳ್ಳನೂ ಬರಲಿಲ್ಲ. ಅಜ್ಜಿ, ಅಪ್ಪ, ಯಲ್ಲಮ್ಮತ್ತೆ, ಈಗ ಯಾರೂ ಇಲ್ಲ.

ಮೊನ್ನೆ ಕೆಲಸದವನು ಗ್ರಿಲ್ ಕೂರಿಸಿದ ಮೇಲೆ ಒಳಗಿನಿಂದ ಒಂದು ಲೋಟ ನೀರು ತಂದು ಕಂಬಿಗಳ ಸಂದಿಯಲ್ಲಿ ತೂರಿಸಿ ನೋಡಿದೆ. ತೂರಲಿಲ್ಲ.

"ಒಂದು ಕಂಬಿ ತೆಗ್ದುಬುಡಪ್ಪಾ," ಎಂದೆ.

"ಕಳ್ಳನ್ ಕೈ ತೂರ್ತದಲ್ಲಕ್ಕಾ!"

"ತೂರ್ಲಿ," ಎಂದೆ.