ಗ್ಯಾಸ್ ಬಂದ್ ಮಾಡಿದ ಫೋಟೋಗಳು

ಕಳೆದ ಗುರುವಾರ ಬೆಳಗ್ಗೆ ಮನೆಯಿಂದ ಹೊರಡುವ ಮುಂಚೆ ಎಂದಿನಂತೆ ಅಡುಗೆಮನೆಗೆ ಹೋಗಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಅದಕ್ಕೆ ಫೋನು ಹಿಡಿದು ಒಂದು ಫೋಟೋ ತೆಗೆದೆ. ಅದರ ಬೆನ್ನಿಗೇ ಪರದೆಯ ಮೇಲೆ ಸೂಚನೆ ಬಂತು. ಕ್ಲೌಡಿನಲ್ಲಿ ನನ್ನ ಪಾಲಿನ ಜಾಗ ಮುಗಿದಿದೆ, ಇನ್ನು ಫೋಟೋ ಉಳಿಯುವುದಿಲ್ಲ, ಈಮೇಲ್ ಕೂಡ ಬರುವುದಿಲ್ಲ ಎಂದು. ಈ ಅರಬ್ ದೇಶದಲ್ಲಿ ಇರಲು ಬೇಕಾದ ರೆಸಿಡೆನ್ಸ್ ಕಾರ್ಡಿನ ನವೀಕರಣ ಹತ್ತಿರ ಬಂದಿದೆ, ಅದರ ಈಮೇಲ್ ಕೈತಪ್ಪಿದರೆ? ಖುರುಮಿನ ಆಫೀಸು ತಲುಪುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಸಂಸಾರ ಸಮೇತ ಊರಿಗೆ ಮರಳಿ, ಅಲ್ಲಿ ಕೆಲಸ ಹುಡುಕಿ, ಸಿಗದೆ ತಲೆಯ ಮೇಲೆ ಕೈಹೊತ್ತು ಕೂತಾಗಿತ್ತು.

ನಾನು ಎಂಥ ಮನುಷ್ಯ ಎಂದು ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ನಗಬೇಡಿ, ಅಥವಾ ನಗಿ, ಹೆಂಡತಿ ನಗುತ್ತಲೇ ಇದ್ದಾಳೆ. ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಿಂದ ಬೆಳಗ್ಗೆ ಎಲ್ಲರೂ ಹೊರಟುಹೋಗುತ್ತೇವೆ. ಹೆಂಡತಿ ಮೊದಲು, ಆಮೇಲೆ ನಾನು ಮತ್ತು ಐದನೇ ಕ್ಲಾಸಿನ ಮಗಳು. ಕೊನೆಗೆ ಬಾಗಿಲು ಹಾಕುವವನು ನಾನಾದ್ದರಿಂದ ಮೂರು ಫೋಟೋ ತೆಗೆಯಲೇಬೇಕು: ರೆಗ್ಯುಲೇಟರ್, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು, ಬಾಗಿಲಿನ ಬೀಗ. ಆಫೀಸಿನಲ್ಲಿ ಚಹಾದ ಹೊತ್ತಿಗೆ ಎದೆ ಧಸಕ್ಕೆಂದರೆ ತೆಗೆದು ನೋಡಬಹುದು. ನಿನ್ನೆಯ ಫೋಟೋ ಇವತ್ತಿನ ಭಯಕ್ಕೆ ಆಗುವುದಿಲ್ಲ, ಹೊಸತೇ ಬೇಕು. ಹಳೆಯದನ್ನು ಅಳಿಸಲೂ ಧೈರ್ಯ ಸಾಲದು. ಹೀಗಾಗಿ ವರ್ಷಗಟ್ಟಲೆ ಬಂದ್ ಆದ ಗ್ಯಾಸು ನನ್ನ ಕ್ಲೌಡಿನ ತುಂಬ ಕೂತಿದೆ.

ಈ ರೋಗ ನನಗೆ ಹತ್ತಿದ್ದು ಇದೇ ನಗರದ ವಾದಿ ಕಬೀರಿನಲ್ಲಿ, ಮದುವೆಗೆ ಮುಂಚೆ. ಅಲ್ಲಿ ಒಂದು ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದವರು ಹಮೀದಾಕ. ಬಂಟ್ವಾಳದ ಕಡೆಯ ಬ್ಯಾರಿಗಳು, ಗಾಡಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ. ಆಳು ಬಾಗಿಲು ತುಂಬುವಷ್ಟು ದೊಡ್ಡದು, ದನಿಯೂ ಹಾಗೆಯೇ. ಮೀನು ಸಾರು ಮಾಡಿದರೆ ಪಕ್ಕದ ಫ್ಲ್ಯಾಟಿನವರೂ ತಟ್ಟೆ ಹಿಡಿದು ಬರುತ್ತಿದ್ದರು. ಅಂಥವರು ಹೊರಡುವ ಹೊತ್ತಿಗೆ ಮಾತ್ರ ಮಗುವಿನಂತಾಗುತ್ತಿದ್ದರು. ಶೂ ಹಾಕುತ್ತಿರುವ ನನ್ನನ್ನು ಅಡುಗೆಮನೆಗೆ ಕರೆದು, ಸಿಲಿಂಡರನ್ನು ತೋರಿಸಿ, "ನೋಡು ಮಾರಾಯ, ಬಂದ್ ಮಾಡಿದ್ದೇನೆ. ನೀನು ಸಾಕ್ಷಿ" ಎನ್ನುತ್ತಿದ್ದರು. ನಾವು ಕೆಲವರು ಸೇರಿ ಹೋಗುತ್ತಿದ್ದ ಕಾರು ಅರ್ಧ ದಾರಿ ತಲುಪಿದಾಗ ಹಿಂದಿನ ಸೀಟಿನಿಂದ ಅವರ ಕೈ ನನ್ನ ಹೆಗಲ ಮೇಲೆ ಬೀಳುತ್ತಿತ್ತು. ಬಂದ್ ಉಂಟು ಎಂದು ನಾನು ಹೇಳಿದರೆ ಸೀಟಿಗೆ ಒರಗಿ ಕಣ್ಣು ಮುಚ್ಚುತ್ತಿದ್ದರು.

ಒಮ್ಮೆ ಅವರನ್ನು ಕಾಡಿಸಬೇಕೆಂದು, ಇಷ್ಟು ದೊಡ್ಡ ಆಳು ಒಂದು ಸಿಲಿಂಡರಿಗೆ ಹೆದರುವುದೇ ಎಂದು ಕೇಳಿದೆ. ಅವರಿಗೆ ಬೇಸರವಾಗಲಿಲ್ಲ. "ಗ್ಯಾಸಿಗೆ ಹೆದರುದಲ್ಲ, ನನ್ನ ತಲೆಗೆ ಹೆದರುದು. ಕೈ ಬಂದ್ ಮಾಡ್ತದೆ, ತಲೆ ನಂಬುದಿಲ್ಲ. ನಂಬ್ಲಿಕ್ಕೆ ಇನ್ನೊಬ್ಬ ಬೇಕು" ಎಂದರು.

ಅವರು ಇಲ್ಲಿನ ಕೆಲಸ ಖಲಾಸ್ ಮಾಡಿ ಊರಿಗೆ ಹೋದ ಮರುದಿನ ಬೆಳಗ್ಗೆ ನಾನೊಬ್ಬನೇ ಸಿಲಿಂಡರಿನ ಎದುರು ನಿಂತಿದ್ದೆ. ಬಂದ್ ಮಾಡಿದೆ. ಮೆಟ್ಟಿಲಿಳಿದೆ, ಮತ್ತೆ ಹತ್ತಿದೆ. ಕೆಳಗೆ ಕಾರಿನವನು ಯಲ್ಲಾ ಯಲ್ಲಾ ಎಂದು ಹಾರ್ನ್ ಹೊಡೆಯುತ್ತಿದ್ದ. ಅವರಿದ್ದಾಗ ಅವರಿಗಾಗಿ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ, ನನಗೂ ಅದು ಬೇಕಾಗಿತ್ತು ಎಂದು ಅವತ್ತು ತಿಳಿಯಿತು. ಜೇಬಿನಿಂದ ಫೋನು ತೆಗೆದದ್ದು ಆಗ.

ಮೊನ್ನೆ ಶುಕ್ರವಾರ ರಜೆಯಿತ್ತು. ಊಟ ಮಾಡಿ, ಜಾಗ ಖಾಲಿ ಮಾಡಲು ಸೋಫಾದಲ್ಲಿ ಕೂತೆ. ದೊಡ್ಡ ವಿಡಿಯೋಗಳನ್ನು ಮೊದಲು ಅಳಿಸಿ ಎಂದು ಫೋನೇ ಬುದ್ಧಿ ಹೇಳಿತು. ನಾನು ವಿಡಿಯೋ ತೆಗೆಯುವವನಲ್ಲ. ಆದರೆ ನನ್ನ ಹಳೆಯ ಫೋನು ಶಾಲೆಯ ಹೋಂವರ್ಕಿಗೆಂದು ಮಗಳ ಕೈಸೇರಿತ್ತು, ಅದರಲ್ಲಿ ನನ್ನ ಖಾತೆಯೇ ಉಳಿದಿತ್ತು. ಬದಲಾಯಿಸಲು ಹೋಗಿ ಇದ್ದದ್ದೂ ಹಾಳಾದರೆ ಎಂಬ ಭಯದಿಂದ ನಾನು ಕೈಹಾಕಿರಲಿಲ್ಲ. ಅವಳು ತೆಗೆದದ್ದೆಲ್ಲ ನನ್ನ ಲೆಕ್ಕಕ್ಕೇ ಬರುತ್ತಿತ್ತು. ಗೆಳತಿಯರ ಕುಣಿತ ಇರಬಹುದು ಎಂದುಕೊಂಡು ಸಾಲಿಗೆ ಸಾಲು ಗುರುತು ಹಾಕಿದೆ. ಎಲ್ಲ ಸಾಧನಗಳಿಂದಲೂ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಫೋನು ಕೇಳಿತು. ಅಂಥ ಪ್ರಶ್ನೆಗೆ ಹೂಂ ಎನ್ನುವ ಧೈರ್ಯ ನನಗೆಲ್ಲಿದೆ? ನೋಡಿಯೇ ಬಿಡೋಣವೆಂದು ಒಂದನ್ನು ತೆರೆದೆ.

ಅದರಲ್ಲಿ ನಾನಿದ್ದೆ. ಇದೇ ಸೋಫಾದಲ್ಲಿ, ಬನಿಯನ್ನಿನಲ್ಲಿ, ಬಾಯಿ ತೆರೆದು ನಿದ್ದೆ. ಮುಖ ಅರ್ಧವೇ ಕಾಣುತ್ತಿತ್ತು, ಕ್ಯಾಮೆರಾ ನೆಟ್ಟದ್ದು ಹೊಟ್ಟೆಯ ಮೇಲೆ. ಹೊಟ್ಟೆ ಏರುತ್ತದೆ, ಇಳಿಯುತ್ತದೆ. ಏಸಿಯ ಸದ್ದು, ಮಗಳ ಉಸಿರಿನ ಸದ್ದು. ಬೇರೇನೂ ಇಲ್ಲ. ಇನ್ನೊಂದು ತೆರೆದೆ, ಅದೇ. ಮತ್ತೊಂದು, ಬೇರೆ ಬನಿಯನ್, ಅದೇ ಹೊಟ್ಟೆ. ನನ್ನ ಉಸಿರು ನಿಂತೀತೆಂದು ಯಾರೋ ಪಕ್ಕದಲ್ಲಿ ಕೂತು ಕಾವಲು ಕಾಯುತ್ತಿದ್ದರು, ಅದು ನನ್ನ ಮಗಳು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೊರಗಿನ ಬಿಸಿಲಿನಿಂದ ಬಂದವನು ನಡುಮನೆಯಲ್ಲಿ ಕುಸಿದುಬಿದ್ದಿದ್ದೆ. ಹೆಂಡತಿ ಅಂಗಡಿಗೆ ಹೋಗಿದ್ದಳು. ಮಗಳೊಬ್ಬಳೇ ನನ್ನನ್ನು ಅಲುಗಾಡಿಸಿ, ಆಮೇಲೆ ಓಡಿಹೋಗಿ ಎದುರು ಮನೆಯ ಬಾಗಿಲು ಬಡಿದಿದ್ದಳು. ನೀರು ಸಾಲದೆ ಬಿಪಿ ಇಳಿದದ್ದು, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದರು. ಸಣ್ಣ ಸದ್ದಿಗೂ ಬೆಚ್ಚುವ ನಾನು ಇದನ್ನು ಮಾತ್ರ ಮರೆತೆ. ಮರೆತದ್ದಷ್ಟೇ ಅಲ್ಲ, ಬಂದವರ ಮುಂದೆ ಬಿದ್ದ ಚಂದವನ್ನು ಅಭಿನಯಿಸಿ ನಗಿಸುತ್ತಿದ್ದೆ. ಆಗೆಲ್ಲ ಮಗಳು ಎದ್ದು ಕೋಣೆಗೆ ಹೋಗುತ್ತಿದ್ದಳು, ನಾನದನ್ನು ಗಮನಿಸಿರಲಿಲ್ಲ.

ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಇದೆಂತ ಎಂದು ಕೇಳಿದೆ. ಕದ್ದು ಸಿಕ್ಕಿಬಿದ್ದವಳ ಅಳುಕು ಅವಳಲ್ಲಿರಲಿಲ್ಲ.

"ಜಸ್ಟ್ ಚೆಕಿಂಗ್, ಪಪ್ಪ. ಯೂ ಚೆಕ್ ದ ಗ್ಯಾಸ್, ನೋ? ಸೇಮ್ ಥಿಂಗ್" ಎಂದಳು.

ಸಂಜೆ ನಾನು ಬರುವುದು ತಡವಾದರೆ ಆ ವಿಡಿಯೋಗಳನ್ನು ಹಾಕಿಕೊಂಡು ನೋಡುತ್ತಾಳಂತೆ. ಪರದೆಯ ಮೇಲಿನ ಗುರುತುಗಳನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಡಿಲೀಟ್ ಮಾಡಿದ್ರೆ ಮತ್ತೆ ನಾನು ಎಂತ ನೋಡುದು?"

ಮನೆ, ನಾಲ್ಕು ಚಿನ್ನದ ಬಳೆ, ಒಳ್ಳೆಯ ಶಾಲೆ, ಅವಳಿಗೆಂದು ಏನೇನೋ ಕೂಡಿಡುತ್ತಿದ್ದೇನೆ ಎಂದುಕೊಂಡಿದ್ದೆ. ಎಲ್ಲಕ್ಕಿಂತ ಮೊದಲು ಅವಳಿಗೆ ದಾಟಿಸಿದ್ದು ನನ್ನ ಭಯವನ್ನು. ಅವಳ ವಿಡಿಯೋಗಳ ಗುರುತು ಒಂದೊಂದಾಗಿ ತೆಗೆದೆ. ನನ್ನ ಗ್ಯಾಸು, ಸ್ವಿಚ್ಚು, ಬೀಗಗಳಿಗೆ ಗುರುತು ಹಾಕಿದೆ. ಫೋನು ಮತ್ತೆ ಅದೇ ಪ್ರಶ್ನೆ ಕೇಳಿತು. ಮಗಳು ನೋಡುತ್ತಿದ್ದಳು. ಒತ್ತಿದೆ. ಜಾಗ ಧಾರಾಳ ಸಿಕ್ಕಿತು.

ಇವತ್ತು ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ. ಬೆಳಗ್ಗೆ ಫೋನು ಜೇಬಿನಲ್ಲೇ ಬಿಟ್ಟು, ಬ್ಯಾಗು ಏರಿಸುತ್ತಿದ್ದ ಮಗಳನ್ನು ಅಡುಗೆಮನೆಗೆ ಕರೆದೆ. "ನೋಡು, ಬಂದ್ ಮಾಡಿದ್ದೇನೆ. ನೀನು ಸಾಕ್ಷಿ" ಎಂದೆ. ಅವಳು ಬಗ್ಗಿ, ರೆಗ್ಯುಲೇಟರನ್ನು ಮುಟ್ಟಿ ನೋಡಿ, ಹೌದು ಎಂದು ತಲೆಯಾಡಿಸಿದಳು. ಆಮೇಲೆ ಎದ್ದುನಿಂತು ಅದೇ ಕೈಯನ್ನು ನನ್ನ ಅಂಗಿಯ ಮೇಲೆ, ಹೊಟ್ಟೆಗೆ ಇಟ್ಟಳು. ನಾನು ಉಸಿರೆಳೆದೆ, ಬಿಟ್ಟೆ. ಇಷ್ಟು ಹೆದರಿಕೊಂಡು, ಇಷ್ಟು ಸರಿಯಾಗಿ ನಾನು ಎಂದೂ ಉಸಿರಾಡಿರಲಿಲ್ಲ.

"ಓಕೆ" ಎಂದು ಅವಳು ಕೈ ತೆಗೆದಳು.

ಈಗ ಆಫೀಸಿನಲ್ಲಿ ಚಹಾದ ಹೊತ್ತು. ಎದೆ ಎಂದಿನಂತೆ ಧಸಕ್ಕೆಂದಿದೆ, ತೆಗೆದು ನೋಡಲು ಫೋಟೋ ಇಲ್ಲ. ಗ್ಯಾಸಿಗೆ ಸಾಕ್ಷಿ ಇದ್ದಾಳೆ, ಅದರ ಚಿಂತೆಯಲ್ಲ. ಸಂಜೆ ರಸ್ತೆಯಲ್ಲಿ ಗಾಡಿಗಳು ಕಿಕ್ಕಿರಿದು ನಿಲ್ಲುತ್ತವೆ. ಅದಕ್ಕೆ ಮುಂಚೆ ಹೊರಡಬೇಕು, ತಡವಾಗಬಾರದು.