ನನ್ನ ರಕ್ತದ ಸುಳ್ಳು

ಗಂಡ ತೀರಿಕೊಂಡ ಮೇಲೆ ನಾನು ಪುರ್ತಗೇರಿಯ ತವರಿನಲ್ಲಿ ಆಡು ಸಾಕಿಕೊಂಡಿದ್ದೆ. ಒಂದು ಬೇಸಿಗೆ ಮುಟ್ಟು ಏರುಪೇರಾಯಿತು. ಗಜೇಂದ್ರಗಡದಲ್ಲಿ ರಕ್ತ ಪರೀಕ್ಷಿಸಿ, ಬಸುರಿ ಎಂದರು. ಜೊತೆಗೆ ಬಂದಿದ್ದ ಅವ್ವ ಮನೆಯೊಳಗೆ ಕಾಲಿಟ್ಟ ಮೇಲೆ ಕೇಳಿದಳು: "ಅಂವಾ ಯಾರು?"

"ಯಾರೂ ಇಲ್ಲಬೇ," ಎಂದೆ.

"ಹಂಗಾರ ನಿನ್ನ ರಕ್ತ ಸುಳ್ಳ ಹೇಳತೈತೇನು?"

ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದು, ನಾನು ಬೇಯಿಸುವುದು, ಸಣ್ಣವಳಿದ್ದಾಗಿನಿಂದ ಹಾಗೇ. ಮರುದಿನ ಎರಡನ್ನೂ ಅವಳೇ ಮಾಡಿದಳು. ನನ್ನ ತಾಟನ್ನು ಆಡು ಕಟ್ಟುವ ಕಡೆ ಇಟ್ಟು ಹೋದಳು.

ಮುಂದೆ ಗದಗಿಗೆ ಹೋದೆವು. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದಾಗ ಅಲ್ಲಿನ ಡಾಕ್ಟರು ಅನುಮಾನಪಟ್ಟು ಮೂತ್ರ ಪರೀಕ್ಷೆ ಮಾಡಿಸಿದರು. ಅದರಲ್ಲಿ ಬಸುರಿನ ಸುಳಿವೇ ಇರಲಿಲ್ಲ. ರಕ್ತವನ್ನು ತೆಳುಮಾಡಿ ಮತ್ತೆ ಪರೀಕ್ಷಿಸಿದರೆ, ನಿಜವಾಗಿ ಬಸುರಾಗಿದ್ದರೆ ತೆಳುಮಾಡಿದಷ್ಟಕ್ಕೆ ತಕ್ಕಂತೆ ಇಳಿಯಬೇಕಿದ್ದ ಹಾರ್ಮೋನಿನ ಅಂಕಿ ಇಳಿಯಲೂ ಇಲ್ಲ.

ಡಾಕ್ಟರು ಅವ್ವನನ್ನೂ ಕೂರಿಸಿಕೊಂಡು ಹೇಳಿದರು: "ನಿಮ್ಮ ಮಗಳು ಬಸುರಿ ಅಲ್ರಿ. ಆಡು ಕುರಿ ಸಾಕೋರ ರಕ್ತದಾಗ ಒಮ್ಮೊಮ್ಮೆ ಒಂಥರಾ ಪ್ರತಿಕಾಯ ಇರ್ತಾವು. ಅವು ಮಷೀನಿಗೆ ಮೋಸ ಮಾಡ್ತಾವು. ಮೂತ್ರದಾಗ ಇಳಿಯೂದಿಲ್ಲ, ಅದಕ್ಕ ಅಲ್ಲಿ ಖರೇ ಗೊತ್ತಾತು."

ಅಂದು ಸಂಜೆ ಅವ್ವ ಹಿಟ್ಟು ನಾದಿಟ್ಟುಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಕರೆದಳು: "ಲಗೂ ಬಾ, ಹಂಚು ಕಾದೈತಿ." ನಾನು ಒಲೆಯ ಮುಂದೆ ಕುಳಿತೆ. ಮೊದಲ ರೊಟ್ಟಿ ಹಂಚಿಗೆ ಹಾಕುತ್ತ ಅವಳೇ ಅಂದಳು: "ಮಷೀನ್ ಹಂಗ ಹೇಳಿದ ಮ್ಯಾಲ ನಾ ಏನ್ ಮಾಡ್ಲಿ?"

ಮಷೀನಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅದೇನು ನನ್ನನ್ನು ಹೆತ್ತಿತ್ತೇ?